ಖಾಲಿ ಬ್ಯಾಟರಿಗೆ ಪೂರ್ತಿ ಅಂಕ

ಶ್ರೀರಂಗಪಟ್ಟಣದಿಂದ ಸ್ವಲ್ಪ ಆಚೆಗೆ, ಕಾವೇರಿಯ ದಂಡೆಯಲ್ಲಿ, ತಗಡಿನ ಒಂದು ಷೆಡ್ಡಿತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಮುದಿ ಕಾರುಗಳು ಅಲ್ಲಿಗೆ ಲಾರಿಯ ಮೇಲೆ ಬರುತ್ತಿದ್ದವು, ಹೋಗುವಾಗ ತಾವೇ ಓಡಿಕೊಂಡು ಹೋಗುತ್ತಿದ್ದವು. ಹಾಗಾಗಿ ಸುತ್ತಲಿನವರು ಅದನ್ನು ಆಶ್ರಮ ಅನ್ನುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

ಷೆಡ್ಡಿನ ಯಜಮಾನರು ಗೌಸ್ ಉಸ್ತಾದ್. ಮಾತು ಕಡಿಮೆ. ಯಾರಾದರೂ ಪ್ರಶ್ನೆ ಕೇಳಿದರೆ ಕೇಳಿದವರ ಕೈಗೆ ಒಂದು ಕೆಲಸ ಕೊಟ್ಟು ಸುಮ್ಮನಾಗುತ್ತಿದ್ದರು.

ಶಿಷ್ಯ ಬಿಳಿಗಿರಿ. ಮೂವತ್ತು ದಾಟಿದ ಗಂಡಸು. ಕೆಲಸದಲ್ಲಿ ಬೆಣ್ಣೆಯಲ್ಲಿ ಕೂದಲು ತೆಗೆಯುವಷ್ಟು ನಾಜೂಕು, ಕೋಪ ಮಾತ್ರ ಮೂಗಿನ ತುದಿಯಲ್ಲೇ.

ಅವನಿಗಿದ್ದದ್ದು ಒಂದೇ ಆಸೆ, ಸ್ವಂತ ಷೆಡ್ಡು. ಆದರೆ ಹಳೆಯ ಕಾರಿನ ಕಸುಬಿನವರಲ್ಲಿ ಒಂದು ಪದ್ಧತಿಯಿತ್ತು. ಉಸ್ತಾದರು ಬಾಯಿಬಿಟ್ಟು ‘ಹೋಗು’ ಅನ್ನುವ ತನಕ ಶಿಷ್ಯ ಬೇರೆ ಷೆಡ್ಡು ಹಾಕುವಂತಿಲ್ಲ. ಹಾಕಿದರೂ ಅಲ್ಲಿಗೆ ಯಾರೂ ಕಾರು ತರುವುದಿಲ್ಲ.

ಬಿಳಿಗಿರಿ ಅಪ್ಪಣೆ ಕೇಳಿದಾಗ ಉಸ್ತಾದರು ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದ ತಮ್ಮದೇ ಮಾರಿಸ್ ಕಾರು ತೋರಿಸಿದರು. ಇದನ್ನು ಎಬ್ಬಿಸು, ಮೈಸೂರಿನ ಹಳೇ ಕಾರುಗಳ ಪ್ರದರ್ಶನಕ್ಕೆ ತಗೊಂಡು ಹೋಗು, ಆಮೇಲೆ ನೋಡೋಣ ಎಂದರು. ಕಪ್ ಗೆದ್ದರೆ ಅಪ್ಪಣೆ ಎಂದು ಬಿಳಿಗಿರಿ ಅರ್ಥ ಮಾಡಿಕೊಂಡ. ಉಸ್ತಾದರು ಹಾಗೆ ಹೇಳಿರಲಿಲ್ಲ.

ಪ್ರದರ್ಶನದಿಂದ ಅವನು ವಾಪಸು ಬಂದದ್ದು ಕೆಂಡವಾಗಿ.

ಆದದ್ದಿಷ್ಟು. ಕಾರು ಸೊಗಸಾಗಿ ಎದ್ದಿತ್ತು. ಬಣ್ಣ, ಸೀಟಿನ ಚರ್ಮ, ದೀಪದ ಗಾಜು ಎಲ್ಲ 1939ರಲ್ಲಿ ಹೇಗಿತ್ತೋ ಹಾಗೆ. ಮೈಸೂರಿನವರೆಗೂ ತಾನೇ ಓಡಿಕೊಂಡು ಹೋಗಿತ್ತು. ತೀರ್ಪುಗಾರರು ಬಾನೆಟ್ ಎತ್ತಿಸಿ ಇಣುಕಿದರು, ಬ್ಯಾಟರಿಯ ಮೇಲೆ ಪೆನ್ನಿನ ತುದಿ ಇಟ್ಟರು. ಅಂಗಡಿಯಲ್ಲಿ ಸಿಗುವ ಬಿಳಿ ಪ್ಲಾಸ್ಟಿಕ್ ಬ್ಯಾಟರಿ. ಈ ಕಾರು ಹುಟ್ಟಿದ ಕಾಲದಲ್ಲಿ ಇಂಥದ್ದು ಇರಲಿಲ್ಲ ಎಂದು ಅಂಕ ಕಳೆದರು.

ಅಷ್ಟೇ ಆಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದನೇನೋ. ಆದರೆ ಪಕ್ಕದಲ್ಲಿ ಇನ್ನೊಂದು ಮಾರಿಸ್ ನಿಂತಿತ್ತು. ಅದು ಹೋಟೆಲು ಮಾಲೀಕರಾದ ಲೋಹಿತಾಶ್ವ ಅವರದ್ದು. ಅದರ ಬಾನೆಟ್ಟಿನಡಿ ಕಪ್ಪು ರಬ್ಬರಿನ ಪೆಟ್ಟಿಗೆ, ನೆತ್ತಿಗೆ ಡಾಂಬರು, ಡಾಂಬರಿನ ಮೇಲೆ ಸೀಸದ ಪಟ್ಟಿಗಳು, ನೀರು ಹಾಕಲು ಮೂರು ಮುಚ್ಚಳ. ಹಳೆಯ ಕಾಲದ ಬ್ಯಾಟರಿಯ ತದ್ರೂಪು. ತೀರ್ಪುಗಾರರು ತಲೆದೂಗಿ ಪೂರ್ತಿ ಅಂಕ ಕೊಟ್ಟರು.

ಅವರು ಆ ಕಡೆ ಹೋದಮೇಲೆ ಬಿಳಿಗಿರಿ ಅದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಟೊಳ್ಳು. ಎರಡು ಬೆರಳಿನಲ್ಲಿ ಎತ್ತಿದರೆ ಎದ್ದು ಬಂತು. ಸೀಸವಿಲ್ಲ, ಆಸಿಡ್ ಇಲ್ಲ, ಒಳಗೆ ಬರೀ ಗಾಳಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಅದೇ. ಆ ಕಾರು ಬಂದದ್ದೂ ಲಾರಿಯಲ್ಲಿ, ಹೋದದ್ದೂ ಲಾರಿಯಲ್ಲಿ.

ಬಿಳಿಗಿರಿ ತೀರ್ಪುಗಾರರ ಬೆನ್ನು ಹತ್ತಿದ. ಅವರು ಸಭ್ಯರು, ನಗುತ್ತಲೇ ಉತ್ತರ ಕೊಟ್ಟರು. ತಾವು ನೋಡುವುದು ಆ ಕಾಲದ ರೂಪವನ್ನು ಮಾತ್ರ, ಅದರಲ್ಲಿ ಕರೆಂಟು ಇದೆಯೋ ಇಲ್ಲವೋ ತಮಗೆ ಸಂಬಂಧಪಟ್ಟ ವಿಷಯವಲ್ಲ ಎಂದರು. ಆ ನಗು ಅವನ ಮೈಗೆ ಕಾದ ಎಣ್ಣೆ ಹೊಯ್ದಂತಾಯಿತು.

ಉಸ್ತಾದರು ನದಿಯ ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಬಿಳಿಗಿರಿ ನಿಂತಲ್ಲೇ ಎಲ್ಲವನ್ನೂ ಒದರಿದ. ಓಡೋ ಕಾರಿಗೆ ಅಂಕ ಕಳೀತಾರೆ, ಸತ್ತ ಕಾರಿಗೆ ಕಪ್ ಕೊಡ್ತಾರೆ, ಇದು ಯಾವ ಸೀಮೆ ನ್ಯಾಯ ಎಂದ. ಪತ್ರಿಕೆಯವರಿಗೆ ಹೇಳುತ್ತೇನೆ, ಆ ಪೆಟ್ಟಿಗೆಯನ್ನು ನಡುಬೀದಿಯಲ್ಲಿ ತೆರೆದು ತೋರಿಸುತ್ತೇನೆ ಎಂದ.

ಅವನ ಉಸಿರು ಹಿಡಿತಕ್ಕೆ ಬರುವ ತನಕ ಉಸ್ತಾದರು ಕಾದರು.

“ನಮ್ಮ ಬ್ಯಾಟರಿ ಆ ಕಾಲದ್ದಾ?”

“ಅಲ್ಲ.”

“ಹಾಗಾದ್ರೆ ಜಡ್ಜ್ ಹೇಳಿದ್ದು ನಿಜ ತಾನೇ?”

ಬಿಳಿಗಿರಿ ಒಂದು ಕಲ್ಲನ್ನು ಕಾಲಿನಿಂದ ನದಿಗೆ ಒದ್ದ.

“ಮಾಡು. ಆ ಕಾಲದ್ದು ಮಾಡು.” ಉಸ್ತಾದರು ಪಂಚೆ ಕೊಡವಿಕೊಂಡು ಎದ್ದುಹೋದರು.

ಈಗ ಬಿಳಿಗಿರಿಗೆ ಉಸ್ತಾದರ ಮೇಲೂ ಸಿಟ್ಟು ಬಂತು. ಅನ್ಯಾಯ ಆದದ್ದು ಯಾರಿಗೆ, ಶಿಕ್ಷೆ ಯಾರಿಗೆ? ಸಮಾಧಾನದ ಒಂದು ಮಾತು ಇಲ್ಲ, ಬೆನ್ನ ಮೇಲೆ ಒಂದು ಕೈ ಇಲ್ಲ. ಅವರು ಮೊದಲಿನಿಂದಲೂ ಹೀಗೆಯೇ ಎಂದು ಅವನು ಹಲ್ಲು ಕಡಿದ.

ಕೆಲಸವನ್ನೂ ಸಿಟ್ಟಿನಲ್ಲೇ ಶುರುಮಾಡಿದ. ಗುಜರಿಯಿಂದ ಒಡೆದ ಒಂದು ಹಳೆಯ ಪೆಟ್ಟಿಗೆ ತಂದು ಅದರಿಂದ ಅಚ್ಚು ತೆಗೆದ. ಸವೆದ ಟೈರಿಗೆ ಹೊಸ ಪದರ ಕೂಡಿಸುವವರ ಕೈಕಾಲು ಹಿಡಿದು ಗಟ್ಟಿ ರಬ್ಬರಿನಲ್ಲಿ ಪೆಟ್ಟಿಗೆ ಹೊಯ್ಯಿಸಿದ. ಮರಳಿನಲ್ಲಿ ಗುಂಡಿ ಮಾಡಿ ಸೀಸ ಕರಗಿಸಿ ಪಟ್ಟಿ ಎರಕ ಹೊಯ್ದ. ಮೊದಲ ಪೆಟ್ಟಿಗೆ ಸೋರಿತು. ಎರಡನೆಯದರ ಡಾಂಬರು ಬಿಸಿಲಿಗೆ ಬಿರಿಯಿತು. ಆಸಿಡ್ ಸಿಡಿದು ಅಂಗಿಗಳು ಜರಡಿಯಾದವು.

ಬೇಸತ್ತು ಅವನು ಒಂದು ದಾರಿ ಹುಡುಕಿದ. ಹಳೆಯ ರೂಪದ ಪೆಟ್ಟಿಗೆಯೊಳಗೆ ಈಗಿನ ಬ್ಯಾಟರಿಯನ್ನು ಅಡಗಿಸಿಟ್ಟ. ಹೊರಗೆ ಅಜ್ಜ, ಒಳಗೆ ಮೊಮ್ಮಗ. ಈ ಕಸುಬಿನಲ್ಲಿ ತುಂಬಾ ಜನ ಮಾಡುವುದು ಹಾಗೆಯೇ, ತಪ್ಪೂ ಅಲ್ಲ. ಕಾರು ಒಂದೇ ಏಟಿಗೆ ಹೊತ್ತಿಕೊಂಡಿತು. ಖಾಲಿ ಪೆಟ್ಟಿಗೆಗಿಂತ ಇದು ಎಷ್ಟೋ ಮೇಲು ಎಂದು ಅವನು ಉಸ್ತಾದರನ್ನು ಕರೆದು ತೋರಿಸಿದ.

ಉಸ್ತಾದರು ಬಗ್ಗಿ ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಒಂದು ಮುಚ್ಚಳ ತಿರುಗಿಸಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು.

“ಇದರ ಕೆಳಗೆ ಏನಿದೆ?”

“ಏನೂ ಇಲ್ಲ ಉಸ್ತಾದ್. ನೋಡೋರಿಗೆ ಇರ್ಲಿ ಅಂತ ಮುಚ್ಚಳ.”

“ನೀರು ಎಲ್ಲಿಗೆ ಹಾಕ್ತೀಯ?”

“ಇದಕ್ಕೆ ನೀರು ಬೇಕಾಗಿಲ್ಲ. ಸೀಲ್ ಆಗಿರೋ ಬ್ಯಾಟರಿ.”

“ನಿನಗೆ ಸುಖ ಆಯ್ತು,” ಎಂದು ಉಸ್ತಾದರು ಮುಚ್ಚಳವನ್ನು ಅವನ ಕೈಗೇ ಕೊಟ್ಟು ಹೋದರು.

ಬಿಳಿಗಿರಿ ಆ ಮುಚ್ಚಳವನ್ನು ಮತ್ತೆ ಪೆಟ್ಟಿಗೆಗೆ ತಿರುಗಿಸಿದ. ನಾಲ್ಕು ಬೈಗುಳ ಬೈದು ಹೋಗಿದ್ದರೆ ವಾಸಿಯಿತ್ತು. ಹೊಗಳಿ ಹೋದದ್ದು ಒಳಗೆ ಮುಳ್ಳಿನಂತೆ ನೆಟ್ಟಿತು. ಮಾರನೆಯ ದಿನ ಎಲ್ಲವನ್ನೂ ಬಿಚ್ಚಿ ಹಾಕಿದ.

ಮತ್ತೆ ಸೀಸ, ಮತ್ತೆ ಡಾಂಬರು. ಹೇಗೋ ಈ ಸಲ ಅವನಿಗೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಸೀಸದ ಪ್ಲೇಟುಗಳನ್ನು ಒಂದೊಂದಾಗಿ ಉಜ್ಜಿ ಕೂಡಿಸಿದ. ನೀರಿಗೆ ಆಸಿಡ್ಡನ್ನು ಹನಿಹನಿಯಾಗಿ ಬೆರೆಸಿ ತಣಿಯುವ ತನಕ ಕಾದ. ಕೊನೆಗೆ ಪೆಟ್ಟಿಗೆಯೊಳಗಿನ ಮೂರು ಮನೆಗಳಲ್ಲೂ ಜೀವ ಬಂತು, ಆರು ವೋಲ್ಟು, ನಿಜವಾದದ್ದು. ಅದಕ್ಕೆ ಹಸುಗೂಸಿನ ಹಾಗೆ ಆರೈಕೆ ಬೇಕಾಗಿತ್ತು. ವಾರ ವಾರ ಮುಚ್ಚಳ ತೆಗೆದು, ಇಳಿದಷ್ಟು ಡಿಸ್ಟಿಲ್ಡ್ ವಾಟರ್ ಹಾಕಬೇಕು, ಮರೆತರೆ ಪ್ಲೇಟು ಒಣಗುತ್ತದೆ. ಅವನು ಮರೆಯಲಿಲ್ಲ.

ಮತ್ತೆ ಪ್ರದರ್ಶನ ಬಂತು. ಈ ಸಲ ಉಸ್ತಾದರೂ ಜೊತೆಗೆ ಹೊರಟರು.

ತೀರ್ಪುಗಾರರು ಬಂದರು, ಬಾನೆಟ್ ಎತ್ತಿಸಿದರು, ಬ್ಯಾಟರಿ ನೋಡಿ ತಲೆದೂಗಿದರು. ಪೂರ್ತಿ ಅಂಕ. ಇದು ಜೀವ ಇರುವ ಬ್ಯಾಟರಿ, ಬೇಕಾದರೆ ಸ್ಟಾರ್ಟ್ ಮಾಡಿ ತೋರಿಸುತ್ತೇನೆ ಎಂದು ಬಿಳಿಗಿರಿ ಹೇಳುತ್ತಿದ್ದಂತೆಯೇ ಅವರು ಪಕ್ಕದ ಕಾರಿಗೆ ಹೋಗಿಯಾಗಿತ್ತು. ಅಲ್ಲೂ ಹಾಗೆಯೇ ತಲೆದೂಗಿದರು, ಅಲ್ಲೂ ಪೂರ್ತಿ ಅಂಕ. ಲೋಹಿತಾಶ್ವ ಅವರ ಮಾರಿಸ್‌ನಲ್ಲಿ ಅದೇ ಟೊಳ್ಳು ಪೆಟ್ಟಿಗೆ ಕೂತಿತ್ತು, ಧೂಳು ಒರೆಸಿಕೊಂಡು.

ಬಣ್ಣದ ಹೊಳಪಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಸಿಕ್ಕಿ ಕಪ್ ಮತ್ತೆ ಅದಕ್ಕೇ ಹೋಯಿತು.

ಬಿಳಿಗಿರಿ ಲೆಕ್ಕ ಹಾಕಿದ. ಒಂದು ವರ್ಷದ ಸುಟ್ಟ ಅಂಗಿಗಳು, ಸುಟ್ಟ ಬೆರಳುಗಳು. ಅದಕ್ಕೂ ಗಾಳಿ ತುಂಬಿದ ಡಬ್ಬಕ್ಕೂ ಒಂದೇ ಬೆಲೆ. ಸ್ವಂತ ಷೆಡ್ಡಿನ ಕನಸು ಇನ್ನೊಂದು ವರ್ಷ ಮುಂದಕ್ಕೆ ಹೋಯಿತು.

ಆಗ ಮುಖ್ಯ ಅತಿಥಿಗಳು ಮೈಕಿನ ಮುಂದೆ ಒಂದು ಮಾತು ಹೇಳಿದರು. ಗೆದ್ದ ಕಾರು ಮೈದಾನದ ಸುತ್ತ ಒಂದು ಸುತ್ತು ಬರಲಿ, ಜನ ಕಣ್ತುಂಬ ನೋಡಲಿ. ಹಿಂದೆ ಯಾವ ವರ್ಷವೂ ಯಾರೂ ಇದನ್ನು ಕೇಳಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಲೋಹಿತಾಶ್ವ ಅವರ ಮುಖ ಸುಣ್ಣದ ಗೋಡೆಯಾಯಿತು.

ದೇವರು ದೊಡ್ಡವನು ಎಂದು ಬಿಳಿಗಿರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಈಗ ಹ್ಯಾಂಡಲ್ ಹಾಕಿ ತಿರುಗಿಸಲಿ. ಬ್ಯಾಟರಿಯೇ ಇಲ್ಲದ ಮೇಲೆ ಕಿಡಿ ಎಲ್ಲಿಂದ ಬರುತ್ತದೆ? ಕಾರು ಕದಲುವುದಿಲ್ಲ, ಯಾರೋ ಬಾನೆಟ್ ಎತ್ತುತ್ತಾರೆ, ಯಾರೋ ಪೆಟ್ಟಿಗೆ ಎತ್ತುತ್ತಾರೆ. ಅವನು ಬಾಯಿ ತೆರೆಯುವ ಅಗತ್ಯವೂ ಇಲ್ಲ. ಚೆನ್ನಾಗಿ ಕಾಣಲಿ ಎಂದು ಕಟ್ಟೆಯೊಂದನ್ನು ಹತ್ತಿ ನಿಂತ.

“ಬಿಳಿಗಿರಿ, ಸ್ಪ್ಯಾನರ್ ಕೊಡು,” ಎಂದು ಕೆಳಗಿನಿಂದ ಉಸ್ತಾದರು ಕೇಳಿದರು.

ಅವನು ಆ ಕಡೆಯಿಂದ ಕಣ್ಣು ಕೀಳದೆ ಜೇಬಿನಿಂದ ತೆಗೆದು ಕೊಟ್ಟ. ತಿರುಗಿ ನೋಡುವಷ್ಟರಲ್ಲಿ ಉಸ್ತಾದರು ತಮ್ಮದೇ ಮಾರಿಸ್‌ನ ಬ್ಯಾಟರಿಯ ತಂತಿಗಳನ್ನು ಬಿಚ್ಚಿಯಾಗಿತ್ತು.

ಮೈದಾನದಲ್ಲಿ ಗೆದ್ದ ಕಾರಿಗೆ ಒಗ್ಗುವ, ಆರು ವೋಲ್ಟಿನ, ಜೀವವಿರುವ ಬ್ಯಾಟರಿ ಅದೊಂದೇ.

ಬಿಳಿಗಿರಿ ಕಟ್ಟೆಯಿಂದ ಧುಮುಕಿ ಎದುರಿಗೆ ಬಂದು ನಿಂತ. ಗುರುವಿನ ದಾರಿಗೆ ಅವನು ಅಡ್ಡ ನಿಂತದ್ದು ಅದೇ ಮೊದಲು.

“ಉಸ್ತಾದ್, ಇದು ನಂದು. ಇದನ್ನ ಅವ್ರಿಗೆ ಕೊಡಕ್ಕೆ ನಾನು ಬಿಡಲ್ಲ.”

“ಭಾರ ಇದೆ ಕಣೋ. ಒಂದು ಕಡೆ ಹಿಡಿ.”

“ಆ ಸುಳ್ಳಿಗೆ ನಾವೇ ಜೀವ ತುಂಬ್ಬೇಕಾ? ವರ್ಷಗಟ್ಲೆ ಮೋಸ ಮಾಡವ್ರೆ. ಇವತ್ತಾದ್ರೂ ಜನಕ್ಕೆ ಗೊತ್ತಾಗ್ಲಿ.”

ಉಸ್ತಾದರು ಬ್ಯಾಟರಿ ಎತ್ತಿಕೊಂಡು ಅವನನ್ನು ಬಳಸಿ ನಡೆದರು. ಎಪ್ಪತ್ತು ದಾಟಿದ ದೇಹ, ಸೀಸ ತುಂಬಿದ ಪೆಟ್ಟಿಗೆ. ನಾಲ್ಕು ಹೆಜ್ಜೆಗೆ ಪೆಟ್ಟಿಗೆ ವಾಲಿತು. ಆಸಿಡ್ ಮೈಮೇಲೆ ಚೆಲ್ಲೀತು ಎಂದು ಬಿಳಿಗಿರಿ ಓಡಿಬಂದು ಇನ್ನೊಂದು ಕಡೆ ಹಿಡಿದ. ಹಿಡಿದವನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದ. ಗುರುವನ್ನು ಬೈದನೋ ಲೋಹಿತಾಶ್ವ ಅವರನ್ನು ಬೈದನೋ ಅವನಿಗೇ ಗೊತ್ತಿರಲಿಲ್ಲ.

ಹತ್ತಿರ ಹೋದಾಗ ಅವನು ನೋಡಿದ. ಗೆದ್ದ ಕಾರಿನ ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯುಟ್ಟ ಮುದುಕಿಯೊಬ್ಬರು ಕೂತಿದ್ದರು. ಲೋಹಿತಾಶ್ವ ಅವರ ತಾಯಿ ವಿಶಾಲಾಕ್ಷಮ್ಮ. ಕಪ್ ಅವರ ಮಡಿಲಲ್ಲಿತ್ತು. ಇದು ನಮ್ಮ ಅಪ್ಪಾಜಿ ಓಡಿಸುತ್ತಿದ್ದ ಕಾರು ಎಂದು ಕಿಟಕಿಯ ಬಳಿ ಬಂದವರಿಗೆಲ್ಲ ಹೇಳುತ್ತಿದ್ದರು. ಬಾನೆಟ್ಟಿನಡಿ ಏನಿದೆ, ಏನಿಲ್ಲ ಎನ್ನುವುದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಪಾಪ ಎಂದು ಅನ್ನಿಸಿತು. ಆದರೆ ಪಾಪ ಅನ್ನಿಸಿದ್ದಕ್ಕೇ ಅವನಿಗೆ ಇನ್ನಷ್ಟು ಉರಿಯಿತು.

ಬಾನೆಟ್ಟಿನ ಮರೆಯಲ್ಲಿ ಟೊಳ್ಳು ಪೆಟ್ಟಿಗೆ ಹೊರಗೆ ಬಂತು, ನಿಜವಾದದ್ದು ಒಳಗೆ ಕೂತಿತು. ರೂಪ ಒಂದೇ ಆದ್ದರಿಂದ ದೂರದಿಂದ ನೋಡಿದವರಿಗೆ ಏನೂ ತಿಳಿಯಲಿಲ್ಲ. ಲೋಹಿತಾಶ್ವ ಅವರ ಡ್ರೈವರು ಗಡಿಬಿಡಿಯಲ್ಲಿ ತಂತಿ ಕೂಡಿಸಲು ಹೋದ. ಬಿಳಿಗಿರಿ ಕೈಕಟ್ಟಿ ದೂರ ನಿಂತಿದ್ದ. ಇನ್ನು ಒಂದು ಬೆರಳೂ ಸೋಕಿಸುವುದಿಲ್ಲ ಎಂದು ಶಪಥ ಮಾಡಿಕೊಂಡಿದ್ದ.

ಡ್ರೈವರು ಈಗಿನ ಕಾರಿನ ರೂಢಿಯಂತೆ ಮೈನಸ್ ತಂತಿಯನ್ನು ಕಾರಿನ ಕಬ್ಬಿಣದ ಮೈಗೆ ಕೂಡಿಸಲು ಹೊರಟಿದ್ದ. ಈ ಮಾರಿಸ್‌ನಲ್ಲಿ ಮೈಗೆ ಹೋಗಬೇಕಾದದ್ದು ಪ್ಲಸ್. ಉಲ್ಟಾ ಆದರೆ ಡೈನಮೋ ಹಾಳು. ಉಸ್ತಾದರು ಪಕ್ಕದಲ್ಲೇ ಇದ್ದರು, ಆಕಾಶ ನೋಡುತ್ತಿದ್ದರು.

ಒಂದು ಗಳಿಗೆ ಬಿಳಿಗಿರಿ ತಡೆದುಕೊಂಡ. ಹಾಳಾಗಲಿ, ಅವರ ಕರ್ಮ ಎಂದುಕೊಂಡ. ಆದರೆ ಕಣ್ಣೆದುರು ಕೆಟ್ಟ ಕೆಲಸ ನಡೆಯುವುದನ್ನು ನೋಡುತ್ತಾ ನಿಲ್ಲುವುದು ಅವನ ಕೈಗೆ ಗೊತ್ತಿರಲಿಲ್ಲ. ಡ್ರೈವರನ್ನು ಪಕ್ಕಕ್ಕೆ ತಳ್ಳಿ ತಂತಿಗಳನ್ನು ತಾನೇ ಬಿಗಿದ. ಪೆಟ್ರೋಲು ಇದೆಯೇ ನೋಡಿದ, ಪುಣ್ಯಕ್ಕೆ ಇತ್ತು. ಚೋಕ್ ಎಷ್ಟು ಎಳೆಯಬೇಕು ಎಂದು ಗದರಿಸಿ ಹೇಳಿಕೊಟ್ಟ.

ಎಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಹದವಾಗಿ ಓಡತೊಡಗಿತು. ತುಂಬಾ ಒಳ್ಳೆಯ ಎಂಜಿನ್. ಇಂಥದ್ದನ್ನು ಇಷ್ಟು ವರ್ಷ ಉಪವಾಸ ಕೆಡವಿದ್ದಾರಲ್ಲ ಪಾಪಿಗಳು ಎಂದು ಗೊಣಗಿದ.

ಕಾರು ಸುತ್ತು ಬಂತು. ವಿಶಾಲಾಕ್ಷಮ್ಮ ಕಿಟಕಿಯಿಂದ ಕೈ ಬೀಸಿದರು. ಜನ ಎದ್ದು ನಿಂತರು. ಅವರೆಲ್ಲ ಹರ್ಷ ಪಡುತ್ತಿದ್ದದ್ದು ಬಿಳಿಗಿರಿಯ ಸೀಸಕ್ಕೆ, ಬಿಳಿಗಿರಿಯ ಡಾಂಬರಿಗೆ, ಅದು ಒಬ್ಬರಿಗೂ ಗೊತ್ತಿರಲಿಲ್ಲ. ಅವನು ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡ.

ಸುತ್ತು ಮುಗಿದಮೇಲೆ ಲೋಹಿತಾಶ್ವ ಬಂದು ಉಸ್ತಾದರ ಎರಡೂ ಕೈ ಹಿಡಿದುಕೊಂಡರು. ಅಮ್ಮ ಇದೇ ಕಾರಿನಲ್ಲಿ ಮನೆಗೆ ಹೋಗಬೇಕು ಅನ್ನುತ್ತಿದ್ದಾರೆ, ಬ್ಯಾಟರಿಯನ್ನು ನಾಳೆ ಕಳಿಸುತ್ತೇನೆ ಎಂದು ತಲೆತಗ್ಗಿಸಿ ಹೇಳಿದರು.

“ಕಳಿಸ್ಬೇಡಿ. ಇಟ್ಕೊಳ್ಳಿ,” ಎಂದರು ಉಸ್ತಾದರು. “ವಾರಕ್ಕೊಂದ್ಸಲ ಮುಚ್ಚಳ ತೆಗೆದು ನೋಡಿ. ನೀರು ಇಳಿದಿದ್ರೆ ಹಾಕಿ. ನೀವೇ ಹಾಕಿ, ಡ್ರೈವರ್‌ಗೆ ಹೇಳ್ಬೇಡಿ.”

ಲೋಹಿತಾಶ್ವ ಬಿಳಿಗಿರಿಯ ಕಡೆ ನೋಡಲು ಹೋದರು, ಆಗಲಿಲ್ಲ. ಟೊಳ್ಳು ಪೆಟ್ಟಿಗೆಯನ್ನು ಶಲ್ಯದಲ್ಲಿ ಸುತ್ತಿ ಕಂಕುಳಿಗೆ ಸೇರಿಸಿಕೊಂಡು ಹೊರಟುಹೋದರು.

ಸಾಲ ಕೊಟ್ಟದ್ದನ್ನೇ ಬಿಳಿಗಿರಿ ನುಂಗಿಕೊಂಡಿರಲಿಲ್ಲ, ಈಗ ದಾನವೇ ಆಗಿಹೋಗಿತ್ತು. ಒಂದು ಮಾತು ಅವನನ್ನು ಕೇಳಬಾರದಿತ್ತೇ?

ಮೈದಾನ ಖಾಲಿಯಾಯಿತು. ಉಸ್ತಾದರ ಮಾರಿಸ್ ಈಗ ಬ್ಯಾಟರಿ ಇಲ್ಲದೆ ನಿಂತಿತ್ತು. ಟೆಂಪೋ ಸಿಗಬೇಕಾದರೆ ದೊಡ್ಡ ರಸ್ತೆಗೆ ಹೋಗಬೇಕು. ಉಸ್ತಾದರು ಒಳಗೆ ಕೂತು ಸ್ಟೀರಿಂಗ್ ಹಿಡಿದರು. ಬಿಳಿಗಿರಿ ಹಿಂದಿನಿಂದ ಭುಜ ಕೊಟ್ಟ.

ಹಾಗೇ ಗೇಟು ದಾಟಿದರು. ಆಮೇಲೆ ಅವನಿಗೆ ತಡೆಯಲಾಗಲಿಲ್ಲ.

“ಅದು ಖಾಲಿ ಡಬ್ಬ ಅಂತ ಇನ್ಯಾವತ್ತೂ ಯಾರ್ಗೂ ಗೊತ್ತಾಗಲ್ಲ ಉಸ್ತಾದ್. ನೀವೇ ಮುಚ್ಚಾಕ್ಬಿಟ್ರಿ.”

“ಖಾಲಿ ಡಬ್ಬ ಖಾಲಿ ಅಂತ ತೋರ್ಸೋಕೆ ನೀನು ವರ್ಷ ಪೂರ್ತಿ ಸೀಸ ಕರಗಿಸಿದ್ಯಾ?”

ಬಿಳಿಗಿರಿ ತಳ್ಳುತ್ತಾ ಹೋದ. ಹೌದು ಎನ್ನಲು ಬಾಯಿ ಬರಲಿಲ್ಲ. ಅಲ್ಲ ಎಂದರೆ ಸಿಟ್ಟು ಎಲ್ಲಿ ಹೋಗಿ ಕೂರಬೇಕು? ಅದು ಇನ್ನೂ ಎದೆಯಲ್ಲಿ ಧಗಧಗ ಅನ್ನುತ್ತಲೇ ಇತ್ತು. ರಸ್ತೆ ಸ್ವಲ್ಪ ಏರು ಇತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು.

“ಕಪ್ಪಂತೂ ಬರ್ಲಿಲ್ಲ,” ಎಂದ ಕೊನೆಗೆ. ದನಿ ಒಡೆದಿತ್ತು. “ಬ್ಯಾಟ್ರಿನೂ ಹೋಯ್ತು. ಇನ್ನು ನಂಗೆ ಅಪ್ಪಣೆ ಯಾವಾಗ ಉಸ್ತಾದ್? ಅದನ್ನಾದ್ರೂ ಹೇಳಿ.”

ಉಸ್ತಾದರು ಬ್ರೇಕು ತುಳಿದರು. ಕಾರು ನಿಂತಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ಏದುಸಿರು ಬಿಡುತ್ತಾ ನಿಂತಿದ್ದ ಶಿಷ್ಯನನ್ನು ನೋಡಿದರು.

“ನಿನ್ನ ಬ್ಯಾಟರಿ ಆಗ್ಲೇ ಹೊರಟು ಹೋಯ್ತಲ್ಲೋ. ನೀನ್ಯಾಕೆ ಇನ್ನೂ ನನ್ನ ಕಾರು ತಳ್ತಾ ಇದ್ದೀಯ? ಹೋಗು.”